ಪದಚರ್ಚೆ: ಸೈಕಲ್ಲಿನ ಮುಂದಿನ ಕ್ಯಾರಿಯರ್‌ಗೆ ಏನನ್ನೋಣ? ಅದಕ್ಕೆ ತೂಗುಹಾಕುವ ಚೀಲಕ್ಕೆ ‘ಹಸುಬೆ’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ,

ಸಾಮಾನು ಹೇರಿಕೊಂಡು ದೂರ ಹೋಗುವ ಟೂರಿಂಗ್ ಸೈಕಲ್ಲನ್ನು ಬಿಡಿಭಾಗ ತಂದು ಕಟ್ಟಿಸಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮುಕ್ಕಾಲು ಪದಗಳಿಗೆ ತೊಂದರೆಯೇ ಇಲ್ಲ. ಚೈನು, ಪೆಡಲ್, ರಿಮ್ಮು, ಮಡ್‌ಗಾರ್ಡ್ ಎಲ್ಲ ಯಾವತ್ತೋ ಕನ್ನಡವಾಗಿವೆ. ಸ್ಪೋಕಿಗೆ ಕಡ್ಡಿ ಅಂದರೆ ಸಾಕು. ಭಾರ ಹೊರುವ ಚಕ್ರಕ್ಕೆ 36 ಕಡ್ಡಿ ಇರಲಿ ಅಂತ ಬರೆದೆ, ಮುಗೀತು. (ನಮ್ಮ ಹಳೇ ಕರಿ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಇರುತ್ತಿದ್ದವು. ಮೂಟೆ ಕೂರುವ ಕಡೆ ಕಡ್ಡಿ ಜಾಸ್ತಿ.) ಹಿಂದಿನ ಹಲ್ಲುಗಳ ಗುಂಪಿಗೆ ಅಂಗಡಿಗಳಲ್ಲಿ ಯಾವುದಿದ್ದರೂ ಫ್ರೀವೀಲ್ ಅಂದುಬಿಡುತ್ತಾರೆ. ಆದರೆ ಕ್ಯಾಸೆಟ್ ಅನ್ನುವ ಇನ್ನೊಂದು ಬಗೆಯ ಹಲ್ಲಿನ ಗುಂಪಿದೆ, ಅದಕ್ಕೆ ಬೇಕಾದ ಹಬ್ (ಚಕ್ರದ ನಡುಭಾಗ) ಬೇರೆ, ಒಂದರ ಹಬ್ ಮೇಲೆ ಇನ್ನೊಂದು ಕೂರುವುದಿಲ್ಲ. ಹಾಗಾಗಿ ಅಲ್ಲಿ ಕ್ಯಾಸೆಟ್ ಅಂತಲೇ ಉಳಿಸಿಕೊಂಡೆ. ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಪೂರ್ತಿ ಒಂದು ಸುತ್ತು ತುಳಿದರೂ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ, ಆಗುಂಬೆ ಘಾಟಿ ಹತ್ತುವವರಿಗೆ ಬೇಕಾದದ್ದೇ ಅದು.

ನಾನು ನಿಂತಿರುವುದು ಮುಂದಿನ ಕ್ಯಾರಿಯರ್ ಹತ್ತಿರ.

ಸೈಕಲ್ಲಿನ ಕ್ಯಾರಿಯರ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹಿಂದಿನದು, ಸ್ಪ್ರಿಂಗ್ ಕ್ಲಿಪ್ ಇರುವಂಥದ್ದು. ‘ಮುಂದಿನ ಕ್ಯಾರಿಯರ್ ಕೊಡಿ’ ಅಂದರೆ ಅಂಗಡಿಯಲ್ಲಿ ಬುಟ್ಟಿ ತೆಗೆದು ತೋರಿಸುತ್ತಾರೆ. ಅವರದ್ದೇನೂ ತಪ್ಪಿಲ್ಲ. ಇಲ್ಲಿರುವುದು ಮೂರು ಬೇರೆ ಬೇರೆ ವಸ್ತು: ಹ್ಯಾಂಡಲ್ಲಿಗೆ ಸಿಕ್ಕಿಸುವ ಬುಟ್ಟಿ, ಚಕ್ರದ ಮೇಲೆ ಹಲಗೆಯ ಹಾಗೆ ಕೂರುವ ಕ್ಯಾರಿಯರ್, ಮತ್ತೆ ‘ಲೋ ರೈಡರ್’ ಅನ್ನುವ ಮೂರನೆಯದು. ಈ ಮೂರನೆಯದಕ್ಕೇ ನನಗೆ ಪದ ಬೇಕು.

ನೋಡಿಲ್ಲದವರಿಗೆ ಸ್ವಲ್ಪ ವಿವರ. ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕಿನ ಎರಡೂ ಕಾಲುಗಳ ಹೊರಗಡೆ ಬಗ್ಗಿಸಿದ ಒಂದೊಂದು ಉಕ್ಕಿನ ಕೊಳವೆ ಇರುತ್ತದೆ. ಒಂದು ಬೋಲ್ಟು ಎಕ್ಸೆಲ್ ಪಕ್ಕದ ತೂತಿಗೆ, ಇನ್ನೊಂದು ಫೋರ್ಕಿನ ನಡುಮಧ್ಯದ ತೂತಿಗೆ. ಸಾಮಾನ್ಯವಾಗಿ 5 ಮಿಲಿಮೀಟರಿನ ಬೋಲ್ಟು. ಚೀಲ ತೂಗುಹಾಕಿದರೆ ಅದರ ಹೊಟ್ಟೆ ಹೆಚ್ಚುಕಮ್ಮಿ ಎಕ್ಸೆಲ್ಲಿನ ಮಟ್ಟಕ್ಕೆ ಬರುತ್ತದೆ. ಜರ್ಮನಿಯ ಟ್ಯೂಬಸ್ ಕಂಪನಿಯ ‘ಟಾರಾ’ ಈ ಜಾತಿಯದು, ಎರಡೂ ಕಡೆ ಸೇರಿ 15 ಕೆಜಿ ಹೊರುತ್ತದೆ. ಭಾರವೆಲ್ಲ ಹಿಂದೆಯೇ ಇದ್ದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಆಚೆ ಈಚೆ ಹೋಗುತ್ತದೆ. ಅದನ್ನು ತಪ್ಪಿಸೋಣ ಅಂತ ಮುಂದೆ ಎತ್ತರದಲ್ಲಿ ಹೇರಿದಿರೋ, ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಭಾರ ಒಂದು ಕಡೆ ಎಳೆಯುತ್ತದೆ. ತಗ್ಗಿನಲ್ಲಿ, ಫೋರ್ಕಿಗೆ ಅಂಟಿದ ಹಾಗೆ ತೂಗುಹಾಕಿದರೆ ಎರಡೂ ಕಾಟ ಕಮ್ಮಿ. ಡಿಸ್ಕ್ ಬ್ರೇಕ್ ಇದ್ದರೆ ಎಡಗಡೆ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಅಡ್ಡ ಬರುತ್ತದೆ, ಉದ್ದ ಬೋಲ್ಟು ಹಾಕಿ ಮಧ್ಯೆ ಬುಷ್ (ಚಿಕ್ಕ ಕೊಳವೆ ತುಂಡು) ಕೊಡಬೇಕಾಗಬಹುದು. ಶಾಕ್ ಅಬ್ಸಾರ್ಬರ್ ಇರುವ ಫೋರ್ಕಿನಲ್ಲಿ ಸಾಮಾನ್ಯವಾಗಿ ಆ ನಡುವಿನ ತೂತೇ ಇರುವುದಿಲ್ಲ.

ಅಂದರೆ ಹೆಸರು ಕೇಳಿದ ಕೂಡಲೇ ಭಾರ ಎಲ್ಲಿ ಕೂರುತ್ತದೆ ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಓದಿದವರು ತಪ್ಪು ಸಾಮಾನು ಕೊಂಡು ತರುತ್ತಾರೆ. ‘ಅಗ್ರ ಭಾರವಾಹಕ ಚೌಕಟ್ಟು’ ಅಂತ ಒಬ್ಬರು ಸೂಚಿಸಿದರು. ದಯವಿಟ್ಟು ಬೇಡ, ಅದನ್ನು ಹೊರುವುದಕ್ಕೇ ಇನ್ನೊಂದು ಸೈಕಲ್ ಬೇಕು. ‘ತಗ್ಗು ಕ್ಯಾರಿಯರ್’ ಅನ್ನಬಹುದು, ತಪ್ಪಿಲ್ಲ, ಸಪ್ಪೆ ಅಷ್ಟೆ. ನನಗೆ ಹೊಳೆದದ್ದು ‘ಹೇರುಗಂಬಿ’. ಹೇರು ಮತ್ತು ಕಂಬಿ, ಬೆಟ್ಟದಾವರೆಯ ಹಾಗೆ ಆದೇಶ ಸಂಧಿ. ವಸ್ತುವೂ ನಿಜಕ್ಕೂ ಕಂಬಿಯೇ, ಹಲಗೆಯಲ್ಲ. ಆದರೆ ‘ತಗ್ಗು’ ಅನ್ನುವ ಅರ್ಥ ಇದರಲ್ಲಿ ಬಿಟ್ಟುಹೋಗುತ್ತದೆ, ಅದೇ ಕೊರತೆ.

ಇನ್ನು ಚೀಲ. ಕ್ಯಾರಿಯರ್‌ಗೆ ತೂಗುಹಾಕುವ ಚೀಲಕ್ಕೆ ಇಂಗ್ಲಿಷಿನಲ್ಲಿ ಪ್ಯಾನಿಯರ್ ಅಂತಾರೆ. ಆ ಪದ ಫ್ರೆಂಚಿನಿಂದ ಬಂದದ್ದು, ಅದರ ಬೇರು ಲ್ಯಾಟಿನ್ನಿನಲ್ಲಿದೆ, ಮೂಲ ಅರ್ಥ ಬ್ರೆಡ್ಡಿನ ಬುಟ್ಟಿ. ಆಮೇಲೆ ಹೇಸರಗತ್ತೆಯ ಎರಡು ಮಗ್ಗುಲಿಗೆ ಕಟ್ಟುವ ಬುಟ್ಟಿಗೂ ಅದೇ ಹೆಸರಾಯಿತು. ನಮ್ಮಲ್ಲಿ ಇದಕ್ಕಿಂತ ಹತ್ತಿರದ ಪದವೇ ಇದೆ ಅಲ್ವಾ, ಹಸುಬೆ! ಹಳಗನ್ನಡದ ಪಸುಂಬೆ. ಎತ್ತಿನ ಬೆನ್ನ ಮೇಲೋ ಹೆಗಲ ಮೇಲೋ ಹಾಕಿದರೆ ಆ ಕಡೆ ಈ ಕಡೆ ಸಮ ತೂಗುವ ಉದ್ದ ಚೀಲ. ಹೇರಿನ ಎತ್ತುಗಳ ಮೇಲೆ ಉಪ್ಪು, ದವಸ ಸಾಗಿಸುತ್ತಿದ್ದ ಕಾಲದ ಪದ ಸೈಕಲ್ಲಿಗೆ ಬಂದರೆ ನನಗಂತೂ ಖುಷಿ. ಒಂದೇ ತಕರಾರು ಏನೆಂದರೆ ಹಸುಬೆ ಎರಡು ಮಗ್ಗುಲು ಸೇರಿ ಒಂದು ಚೀಲ, ಸೈಕಲ್ಲಿನವು ಬಿಡಿಬಿಡಿ, ಕೊಕ್ಕೆ ಹಾಕಿ ಒಂದೊಂದಾಗಿ ತೆಗೆಯಬಹುದು. ಎಡಗಡೆಯದನ್ನು ಮಾತ್ರ ತೋರಿಸಿ ಹಸುಬೆ ಅಂದರೆ ಕೇಳುವವರಿಗೆ ವಿಚಿತ್ರ ಅನ್ನಿಸುತ್ತಾ? ಅಥವಾ ಸುಮ್ನೆ ‘ಮಗ್ಗುಲು ಚೀಲ’ ಅಂದರೆ ಸಾಕಾ? ಉತ್ತರ ಕರ್ನಾಟಕದ ಕಡೆಯವರು ಹೇಳಬೇಕು: ನಿಮ್ಮ ಊರಲ್ಲಿ ಹಸುಬೆ, ಹಸಿಬೆ ಯಾವ ರೂಪ ಇದೆ, ಈಗಲೂ ಯಾವುದಕ್ಕೆ ಹಾಗಂತಾರೆ?

ಕೊನೆಗೆ ಒಂದು ಕ್ರಿಯಾಪದ. ಇಳಿಜಾರಿನಲ್ಲಿ ವೇಗ ಹೆಚ್ಚಾದಾಗ, ಭಾರ ಸರಿಯಾಗಿ ಹಂಚದಿದ್ದರೆ, ಹ್ಯಾಂಡಲ್ ತನ್ನಷ್ಟಕ್ಕೇ ಎಡಕ್ಕೂ ಬಲಕ್ಕೂ ಜೋರಾಗಿ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ ‘ಹ್ಯಾಂಡಲ್ ಆಡುತ್ತೆ’ ಅನ್ನುವ ಹಾಗಿಲ್ಲ, ಯಾಕಂದ್ರೆ ಮೆಕ್ಯಾನಿಕ್ಕಿನ ಬಾಯಲ್ಲಿ ಅದು ಹ್ಯಾಂಡಲ್ ಕೆಳಗಿನ ಬೇರಿಂಗ್ ಕಪ್ ಸಡಿಲವಾಗಿದೆ ಅನ್ನುವ ದೂರು. ‘ಹೊಯ್ದಾಡು’ ಅಂತ ಬರೆದಿಟ್ಟಿದ್ದೇನೆ. ಸೈಕಲ್ ಶಾಪಿನವರ ಒಡನಾಟ ಇರುವವರು ಅವರನ್ನೇ ಒಮ್ಮೆ ಕೇಳಿ ತಿಳಿಸಿದರೆ ಉಪಕಾರ. ನಿಘಂಟಿನಲ್ಲಿ ನಾನೂ ಹುಡುಕಬಲ್ಲೆ, ಗ್ರೀಸ್ ಹತ್ತಿದ ಕೈಯವರ ಮಾತು ಬೇಕಾಗಿದೆ.