ಮೊದಲು ಮನೆಯ ಸಾಲ ತೀರಿಸಲೇ, ಓದು ಮುಂದುವರಿಸಲೇ? ಅನುಭವ ಇರುವವರು ಹೇಳಿ

ಗುಳೆ ಮನೆಯ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಬರುತ್ತಾರೆ, ಕಟ್ಟಡದ ಕೆಲಸಕ್ಕೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಿಂದ ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದೇನೆ. ಕೈಗೆ ಬರುವುದು 19,500. ಕೊಠಡಿಯ ಪಾಲು 3,200, ಮೆಸ್ಸಿಗೆ 3,600, ಬಸ್ ಪಾಸಿಗೆ 1,200, ಮೊಬೈಲ್ ಮತ್ತಿತರ 500 ಕಳೆದರೆ 11,000 ಉಳಿಯುತ್ತದೆ. ಮನೆಯಲ್ಲಿ ಸಂಘದ ಸಾಲ ಮೂರಿವೆ, ವಾರಕ್ಕೆ ಎಲ್ಲ ಸೇರಿ 2,350 ಕಂತು. ಊರಿನವರೊಬ್ಬರ ಬಳಿ 80,000 ಕೈಸಾಲ, ನೂರಕ್ಕೆ ಮೂರರ ಬಡ್ಡಿ. ತಿಂಗಳಿಗೆ ಒಟ್ಟು 11,800 ಬೇಕು. ಅಮ್ಮನ ಗೃಹಲಕ್ಷ್ಮಿಯ 2,000 ಬಂದ ವಾರವೇ ಕಂತಿಗೆ ಹೋಗುತ್ತದೆ.

ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬೇಕೆಂದು ಆಸೆ. ಹಗಲಿನ ಕಾಲೇಜಾದರೆ ಮೂರು ವರ್ಷ ಸಂಬಳ ನಿಲ್ಲುತ್ತದೆ. ಪಾಳಿ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಓದಿದವರು ಯಾರಾದರೂ ಇದ್ದೀರಾ? ಯಾವುದನ್ನು ಮೊದಲು ಮಾಡಲಿ?

ಲೇತ್ ಮಷಿನ್

ತಮ್ಮಾ, ಸಾಲ ಮೊದಲು. ಬೇರೆ ಮಾತೇ ಇಲ್ಲ. ನನ್ನ ಕಥೆ ಕೇಳು.

ಚಿತ್ರದುರ್ಗದ ಕಡೆ ನಾಲ್ಕು ಎಕರೆ ಬೆದ್ದಲು ನಮ್ಮದು. 2011ರಲ್ಲಿ ಅಪ್ಪ ಎರಡು ಕೊಳವೆಬಾವಿ ಕೊರೆಸಿದರು. ಮೊದಲನೆಯದು 420 ಅಡಿ, ಬರೀ ದೂಳು. ಎರಡನೆಯದು 560 ಅಡಿ, ಅರ್ಧ ಇಂಚು ನೀರು ಬಂತು, ಹದಿನೆಂಟು ದಿನಕ್ಕೆ ನಿಂತಿತು. ಉಳಿದದ್ದು 1,10,000 ಸಾಲ, ನಿನ್ನದೇ ಮೂರರ ಬಡ್ಡಿ. ತಿಂಗಳಿಗೆ 3,300. ನಾನು 56 ತಿಂಗಳು ಕಟ್ಟಿದೆ. ಲೆಕ್ಕ ಹಾಕು: 1,84,800. ಅಸಲಿನಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಆಮೇಲೆ 1 ಲಕ್ಷದ ಚೀಟಿಗೆ ಸೇರಿ ಮೂರನೇ ತಿಂಗಳಿಗೇ 28,000 ಬಿಟ್ಟು ಕೂಗಿದೆ. ಕೈಗೆ ಬಂದ 72,000ಕ್ಕೆ ಭವಿಷ್ಯನಿಧಿಯಿಂದ ತೆಗೆದ 38,000 ಸೇರಿಸಿ ಅಸಲು ಬಿಸಾಡಿದೆ. ಚೀಟಿಯ ಕಂತು ಮಾತ್ರ ಇನ್ನೂ ಹದಿನೇಳು ತಿಂಗಳು ಓಡಿತು.

ಪ್ರೋನೋಟು ವಾಪಸ್ ಕೊಟ್ಟರು. ರೆವಿನ್ಯೂ ಸ್ಟಾಂಪಿನ ಮೇಲೆ ಅಪ್ಪನ ಹೆಬ್ಬೆಟ್ಟು, ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲೇ ಹರಿದೆ. ಅಪ್ಪ ಚೂರುಗಳನ್ನೆಲ್ಲ ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಬಚ್ಚಲ ಒಲೆಗೆ ಹಾಕಿದರು. ಬೀದಿಯಲ್ಲಿ ಬಿಟ್ಟರೆ ಯಾರಾದರೂ ಅಂಟಿಸಿಯಾರು ಎಂಬ ಭಯ ಅವರಿಗೆ.

ನನ್ನ ಜೊತೆ ಡಿಪ್ಲೊಮಾ ಮಾಡಿದವನು ಆಗಲೇ ಡಿಸಿಇಟಿ ಬರೆದು ಹೋದ. ಈಗ ಕಾರಿದೆ, ಮನೆಯಿದೆ. ನನಗೆ ಮದುವೆಯಾದದ್ದು 36ಕ್ಕೆ. ಆದರೆ ನಮ್ಮ ಅಪ್ಪ ಊರಿನ ಅರಳಿಕಟ್ಟೆಯ ಮೇಲೆ ತಲೆಯೆತ್ತಿ ಕೂರುತ್ತಾರೆ, ಅವನ ಅಪ್ಪ ಕೂರುವುದಿಲ್ಲ.

ಬೋರಮಾಳ

ಅವನ ಅಪ್ಪ ಯಾಕೆ ಕೂರುವುದಿಲ್ಲ ಎಂಬುದನ್ನು ನೀವೇ ಊಹಿಸಿಕೊಂಡಿರಿ ಎಂದು ಕಾಣುತ್ತದೆ, ಸರ್.

ನಾನು ಓದು ಆರಿಸಿಕೊಂಡವಳು. ರಾಯಚೂರು ಜಿಲ್ಲೆ, ನಾವು ನಾಲ್ವರು ಮಕ್ಕಳು. ಡಿಗ್ರಿಯಲ್ಲಿ ಹಾಸ್ಟೆಲ್ ಸಿಗಲಿಲ್ಲ. ಸರ್ಕಾರದ ವಿದ್ಯಾಸಿರಿ ನೆರವಿನಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಆದರೆ ಅದು ಬಂದದ್ದು ವರ್ಷ ಮುಗಿದ ಮೇಲೆ. ಕೊಠಡಿಯ ಬಾಡಿಗೆ ವರ್ಷದ ಕೊನೆಯವರೆಗೆ ಕಾಯುತ್ತದೆಯೇ? ಬಿ.ಎಡ್. ಶುಲ್ಕಕ್ಕೆ ಅವ್ವ ತನ್ನ ಬೋರಮಾಳ ಸರವನ್ನು ಗಿರವಿ ಇಟ್ಟಳು. ಬಿಡಿಸಿಕೊಳ್ಳಲು ಗಡುವಿನ ದಿನ 1,150 ರೂಪಾಯಿ ಕಡಿಮೆ ಬಿತ್ತು. ಸಾವಿರದ ನೂರ ಐವತ್ತು. ಅಂಗಡಿಯವರು ಒಂದು ವಾರವೂ ಕೊಡಲಿಲ್ಲ, ಹರಾಜಿಗೆ ಹಾಕಿದರು. ಅವ್ವನ ಕತ್ತಿನಲ್ಲಿ ಸರ ಇದ್ದ ಜಾಗದ ಬಿಳಿ ಗೆರೆ ಎರಡು ಬೇಸಿಗೆ ಕಳೆದರೂ ಹೋಗಲಿಲ್ಲ. ಅಪ್ಪ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ. ನನಗೆ ಊಟ ಬಡಿಸು ಎನ್ನುವುದನ್ನೂ ಅವ್ವನಿಗೇ ಹೇಳುತ್ತಿದ್ದರು, ಗೋಡೆಗೆ ಹೇಳಿದಂತೆ.

2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಡಿ ಹೆಸರು ಬಂತು. ಆಗ ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರೋ ಗಂಡನ ಹೆಸರೋ ಎಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ನನಗೆ ಆದೇಶ ಸಿಕ್ಕಿದ್ದು 2023ರ ಕೊನೆಗೆ. ಅಷ್ಟರವರೆಗೆ ಖಾಸಗಿ ಶಾಲೆಯಲ್ಲಿ 7,000ಕ್ಕೆ ದುಡಿದೆ. ಇವತ್ತು ಕೈಸಾಲ, ಸಂಘದ ಸಾಲ, ಅಂಗಡಿಯ ಉದ್ದರಿ ಯಾವುದೂ ಇಲ್ಲ. ಓದಿಬಿಡು ತಮ್ಮಾ.

ಒಂದನ್ನು ಮುಚ್ಚಿಡುವುದಿಲ್ಲ. ನಾನು ಬಿ.ಎಡ್.ಗೆ ಹೋದ ವರ್ಷವೇ ನನ್ನ ತಮ್ಮ ಒಂಬತ್ತನೇ ತರಗತಿ ಬಿಟ್ಟು ಗೌಂಡಿ ಕೆಲಸಕ್ಕೆ ಹೋದ.

ಲೇತ್ ಮಷಿನ್

ಹಾಗೆ ಹೇಳಿ ಮೇಡಂ. ತಮ್ಮನ ಓದನ್ನು ತಿಂದು ನೀವು ಟೀಚರ್ ಆದಿರಿ, ಈಗ ಈ ಹುಡುಗನಿಗೂ ಅದೇ ಹೇಳುತ್ತಿದ್ದೀರಿ. ಇವನಿಗೆ ತಮ್ಮ ಇದ್ದಾನೋ ತಂಗಿ ಇದ್ದಾಳೋ ಎಂದು ಕೇಳಿದಿರಾ?

ಬೋರಮಾಳ

ನೀವು ಕೇಳಿದಿರಾ? ನನ್ನ ತಮ್ಮನ ವಿಷಯ ಎತ್ತಬೇಡಿ. ಅವನ ಮಗಳ ಶುಲ್ಕ ಯಾರು ಕಟ್ಟುತ್ತಿದ್ದಾರೆ, ಅವನು ಬೆಂಗಳೂರಿನಲ್ಲಿ ಸಾರುವೆಯಿಂದ ಬಿದ್ದಾಗ 62,000 ಆಸ್ಪತ್ರೆ ಬಿಲ್ಲನ್ನು ಯಾರು ಕಟ್ಟಿದರು ಎಂಬುದನ್ನು ನಿಮಗೆ ಹೇಳಬೇಕಾದ ಕರ್ಮ ನನಗಿಲ್ಲ. ನಿಮ್ಮ ಹಾಗೆ 56 ತಿಂಗಳು ಬಡ್ಡಿ ಸುರಿದಿದ್ದರೆ ಇಬ್ಬರೂ ಗೌಂಡಿ ಕೆಲಸದಲ್ಲೇ ಇರುತ್ತಿದ್ದೆವು.

ನಿವೃತ್ತ ಲೆಕ್ಕಿಗ

ಜಗಳ ಬೇಡ. ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು, ಸಾಲದ ಎರಡೂ ಬದಿ ನೋಡಿದ್ದೇನೆ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ 2018ರ ವರದಿಯ ಪ್ರಕಾರ ಭಾರತದಲ್ಲಿ ಬಡ ಕುಟುಂಬವೊಂದು ದೇಶದ ಸರಾಸರಿ ಆದಾಯ ಮುಟ್ಟಲು ಏಳು ತಲೆಮಾರು ಬೇಕು. ಡೆನ್ಮಾರ್ಕಿನಲ್ಲಿ ಎರಡೇ ಸಾಕು. ನಾನು ಒಂದೇ ತಲೆಮಾರಿನಲ್ಲಿ ದಾಟಿದೆ. ಹೇಗೆ? ಶಿಸ್ತು. ಬೀದಿದೀಪದ ಕೆಳಗೆ ಓದಿದೆ, 1981ರಲ್ಲಿ ಕೆಲಸಕ್ಕೆ ಸೇರಿದಾಗ ಎರಡು ಜೊತೆ ಬಟ್ಟೆ. ಮೊದಲ ಆರು ವರ್ಷ ಹೋಟೆಲಿನ ಕಾಫಿ ಕುಡಿಯಲಿಲ್ಲ. ಈಗಿನವರಿಗೆ ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ. ಮೊಬೈಲಿಗೆ ತಿಂಗಳಿಗೆ 500 ಏಕೆ ಬೇಕು ಎಂದು ಈ ಯುವಕ ತನ್ನನ್ನೇ ಕೇಳಿಕೊಳ್ಳಲಿ.

ಗುಂಪಿನ ಲೀಡರ್

ರಾಯರೇ, ಕಾಫಿ ಬಿಟ್ಟು 80,000 ತೀರಿಸುವ ಲೆಕ್ಕ ಒಮ್ಮೆ ತೋರಿಸಿ. ಬಸ್ಸು ಪುಕ್ಕಟೆ ಇರುವುದು ಹೆಂಗಸರಿಗೆ, ಆ ಹುಡುಗ ಪಾಸಿಗೆ 1,200 ಕೊಡುತ್ತೇನೆಂದು ಬರೆದಿದ್ದಾನೆ, ಓದಿದಿರಾ?

ಸಂಘದ ಸಾಲ ಎಂದರೇನು ಎಂದು ನನ್ನನ್ನು ಕೇಳಿ. ತುಮಕೂರು ಕಡೆಯ ಹಳ್ಳಿಯಲ್ಲಿ ಹತ್ತು ಜನರ ಗುಂಪಿಗೆ ನಾನು ಲೀಡರ್. ಇಬ್ಬರು ರಾತ್ರೋರಾತ್ರಿ ಊರು ಬಿಟ್ಟರು. ಒಬ್ಬೊಬ್ಬರ ವಾರದ ಕಂತು 780. ಅವರಿಬ್ಬರ 1,560ನ್ನು ಉಳಿದ ಎಂಟು ಜನ ಹಂಚಿಕೊಂಡೆವು, ತಲೆಗೆ 195. ಮೂವತ್ತೊಂದು ವಾರ ಕಟ್ಟಿದೆ, 6,045 ಆಯಿತು, ನಾನು ಕಣ್ಣಿನಿಂದಲೂ ನೋಡದ ದುಡ್ಡಿಗೆ. ಒಂದು ದಿನ ಕಂತು ಪೂರ್ತಿಯಾಗದೆ ವಸೂಲಿಗೆ ಬಂದ ಹುಡುಗ ರಾತ್ರಿ ಒಂಬತ್ತರವರೆಗೆ ನಮ್ಮ ಜಗುಲಿಯಲ್ಲಿ ಕೂತಿದ್ದ. ಪಾಪ, ಅವನೂ ಬಡವರ ಮನೆಯವನೇ, ಅದೇ ಹೊಟ್ಟೆಪಾಡು. ಮುದ್ದೆ ಹಾಕಿದೆ, ಉಂಡ. ಉಂಡು ಎದ್ದು ಮತ್ತೆ ಜಗುಲಿಯಲ್ಲೇ ಕೂತ.

ಹುಡುಗನ ತಾಯಿ ಲೀಡರ್ ಆಗಿದ್ದರೆ ಮೊದಲು ಅದರಿಂದ ಹೊರಬರಲಿ.

ಕಾನೂನು ಬಲ್ಲವ

ಇಷ್ಟೆಲ್ಲ ಅಳು ಏಕೆ? 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲದ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತಂದಿದೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಟ್ಟುವುದನ್ನು ನಿಲ್ಲಿಸಿ, ಕಾಲೇಜಿಗೆ ಸೇರಿ.

ಗುಂಪಿನ ಲೀಡರ್

ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಅದರಲ್ಲಿ ಮನ್ನಾ ಆಗುವುದು ನೋಂದಣಿ, ಪರವಾನಗಿ ಇಲ್ಲದವರು ಕೊಟ್ಟ ಸಾಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಕಂಪನಿಗಳ ಸಾಲ ಹಾಗೇ ನಿಂತಿದೆ. ಈ ಹುಡುಗನ ಮೂರು ಸಂಘ ಯಾವ ಬಗೆಯವು ಎಂದು ಗೊತ್ತೇ? ನಿಮ್ಮಂಥವರ ಮಾತು ಕೇಳಿ ನಮ್ಮ ಊರಿನವಳೊಬ್ಬಳು ನಾಲ್ಕು ತಿಂಗಳು ಕಂತು ನಿಲ್ಲಿಸಿದಳು. ಆಮೇಲೆ ಯಾವ ಬ್ಯಾಂಕೂ ಅವಳ ಮಗನಿಗೆ ಶಿಕ್ಷಣ ಸಾಲ ಕೊಡಲಿಲ್ಲ. ಯಾರು ಸಾಲ ಸರಿಯಾಗಿ ಕಟ್ಟಿದರು ಎಂದು ಬರೆದಿಡುವ ಸಿಬಿಲ್ ಎಂಬುದರ ಹೆಸರು ಅವಳಿಗೆ ಗೊತ್ತಾದದ್ದೇ ಆವತ್ತು.

ಬೋರಮಾಳ

ಲೆಕ್ಕಿಗರೇ, ನಿಮ್ಮ ತಂದೆಗೆ ಜಮೀನು ಇತ್ತೇ?

ನಿವೃತ್ತ ಲೆಕ್ಕಿಗ

ಇತ್ತು. ಶಿವಮೊಗ್ಗ ಜಿಲ್ಲೆ, ಒಂದೂವರೆ ಎಕರೆ ಅಡಿಕೆ ತೋಟ. ಅದಕ್ಕೂ ಇದಕ್ಕೂ ಏನು ಸಂಬಂಧ?

ಲೇತ್ ಮಷಿನ್

ಅಡಿಕೆ ತೋಟ! ಅಡಿಕೆ ತೋಟದವರು ಬಡವರು ಎಂದು ಇವತ್ತೇ ಕೇಳಿದ್ದು. ಒಂದೂವರೆ ಎಕರೆ ಅಡಿಕೆ ಇದ್ದಿದ್ದರೆ ನಮ್ಮ ಅಪ್ಪ 980 ಅಡಿ ಕಲ್ಲು ಕೊರೆಸುತ್ತಿದ್ದರೇ?

ನಿವೃತ್ತ ಲೆಕ್ಕಿಗ

ತೋಟ ಎಂದ ಕೂಡಲೇ ಶ್ರೀಮಂತಿಕೆಯೇ? ನಾವು ಏಳು ಮಕ್ಕಳು. ಕೊಳೆರೋಗ ಬಂದ ವರ್ಷ ಮರದಲ್ಲಿ ಗೊನೆ ಉಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಹಲಸಿನ ಬೀಜ, ಕೆಸುವಿನ ಸೊಪ್ಪು ಇಷ್ಟೇ. ಶಾಲೆಯಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಕೇರ್ ಎಂಬ ಅಮೆರಿಕದ ಸಂಸ್ಥೆಯ ಉಪ್ಪಿಟ್ಟಿಗಾಗಿ ನಾನು ಜ್ವರದಲ್ಲೂ ಶಾಲೆಗೆ ಹೋಗಿದ್ದೇನೆ. ಮುತ್ತುಗದ ಎಲೆಯ ಮೇಲೆ ಹಾಕುತ್ತಿದ್ದರು. ಅರ್ಧ ತಿಂದು ಉಳಿದರ್ಧವನ್ನು ತಂಗಿಗೆಂದು ಚಡ್ಡಿಯ ಜೇಬಿನಲ್ಲಿ ತರುತ್ತಿದ್ದೆ. ಎಣ್ಣೆ ಕಲೆಗೆ ಅಮ್ಮ ಹೊಡೆಯುತ್ತಿದ್ದರು.

ಬೋರಮಾಳ

ಅಂದರೆ ಅಮೆರಿಕದವರು ಕಳುಹಿಸಿದ ಪುಕ್ಕಟೆ ಉಪ್ಪಿಟ್ಟು ತಿಂದು ಓದಿದವರು ನೀವು. ಈಗ ನಮ್ಮ ಶಾಲೆಯ ಮಕ್ಕಳಿಗೆ ಕೊಡುವ ಅನ್ನ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. ಆಗ ನಾನು ಎರಡನೇ ತರಗತಿ. ಅದಿಲ್ಲದಿದ್ದರೆ ನಾನೂ ಹತ್ತಿ ಬಿಡಿಸಲು ಹೋಗುತ್ತಿದ್ದೆ. ನಿಮ್ಮ ಶಿಸ್ತಿನ ಕಥೆಗೆ ಉಪ್ಪಿಟ್ಟನ್ನೂ ಸೇರಿಸಿಕೊಳ್ಳಿ.

ನಿವೃತ್ತ ಲೆಕ್ಕಿಗ

ನಾನು ಮಕ್ಕಳ ಅನ್ನದ ಬಗ್ಗೆ ಏನೂ ಹೇಳಿಲ್ಲ. ತಿರುಚಬೇಡಿ, ಟೀಚರೇ.

ಗುಳೆ ಮನೆಯ ಹುಡುಗ

ಎಲ್ಲರಿಗೂ ಧನ್ಯವಾದ. ಪಾಳಿ ಮುಗಿಸಿ ಬಂದು ಈಗ ಓದಿದೆ. ಅಮ್ಮ ಲೀಡರ್ ಅಲ್ಲ, ಬರೀ ಸದಸ್ಯೆ. ತಮ್ಮ ಇದ್ದಾನೆ, ಪಿಯುಸಿ ಮೊದಲ ವರ್ಷ. ಮೂರು ಸಂಘಗಳಿಗೆ ರಿಸರ್ವ್ ಬ್ಯಾಂಕಿನ ನೋಂದಣಿ ಇದೆಯೇ ಎಂದು ಪಾಸ್‌ಬುಕ್ಕಿನ ಫೋಟೊ ತರಿಸಿಕೊಂಡು ನೋಡಿದೆ. ಎರಡಕ್ಕೆ ಇದೆ. ಮೂರನೆಯದರ ಪುಸ್ತಕದಲ್ಲಿ ವಿಳಾಸವೇ ಇಲ್ಲ, ಒಂದು ಮೊಬೈಲ್ ಸಂಖ್ಯೆ ಮಾತ್ರ. ಲೇತ್ ಅಣ್ಣ ಹೇಳಿದ ಚೀಟಿಯ ಬಗ್ಗೆ ಅಪ್ಪನನ್ನು ಕೇಳಿದರೆ ಬೇಡವೇ ಬೇಡ ಎಂದರು. ಹಿಂದೊಮ್ಮೆ ಚೀಟಿ ನಡೆಸುತ್ತಿದ್ದವನು ಓಡಿಹೋಗಿ 14,000 ಕಳೆದುಕೊಂಡಿದ್ದಾರಂತೆ. ನನಗೆ ಇವತ್ತೇ ಗೊತ್ತಾಯಿತು.

ಸಂಜೆ ಕಾಲೇಜಿನ ಬಗ್ಗೆ ಯಾರಿಗಾದರೂ ತಿಳಿದಿದೆಯೇ? ನನ್ನ ಎರಡನೇ ಪಾಳಿ ರಾತ್ರಿ ಹತ್ತೂವರೆಗೆ ಮುಗಿಯುತ್ತದೆ.

ಲೇತ್ ಮಷಿನ್

ವಿಳಾಸ ಇಲ್ಲದ ಆ ಮೂರನೆಯದಕ್ಕೆ ಈ ವಾರ ಎಷ್ಟು ಕಟ್ಟಿದಿರಿ? ಮೊದಲು ಅದನ್ನು ಹೇಳು.

ಕಾನೂನು ಬಲ್ಲವ

ನಾನು ಹೇಳಿದ್ದು ಆ ಮೂರನೆಯದಕ್ಕೇ. ಯಾರೂ ಕೇಳಲಿಲ್ಲ.

ಗುಂಪಿನ ಲೀಡರ್

ನೀವು ಮೂರನೆಯದು ಎಂದು ಎಲ್ಲಿ ಹೇಳಿದಿರಿ? ಮೇಲೆ ಹೋಗಿ ಓದಿಕೊಳ್ಳಿ.

ನಿವೃತ್ತ ಲೆಕ್ಕಿಗ

ಇನ್ನೊಂದು ವಿಷಯ. ಆ ಉಪ್ಪಿಟ್ಟು ಹಳದಿ ಬಣ್ಣದ್ದು, ಮೆಕ್ಕೆಜೋಳದ್ದು. ಗೋಧಿಯದೆಂದು ನನ್ನ ತಂಗಿ ಈಗಲೂ ವಾದಿಸುತ್ತಾಳೆ. ಆ ಕಾಲದವರು ಯಾರಾದರೂ ಇದ್ದರೆ ತಿಳಿಸಿ.