ಸಂಜೆ ಏಳಾದರೆ ಕಾಲು ವೈನ್ಸ್ ಕಡೆಗೇ ಹೋಗುತ್ತದೆ, ಸಿಬಿಟಿಯಿಂದ ಏನಾದರೂ ಆಗುತ್ತಾ? (ಪ್ರಶ್ನೋತ್ತರ)

ಪ್ರಶ್ನೆ (ದಾವಣಗೆರೆಯಿಂದ, ಹೆಸರು ಬೇಡ ಎಂದಿದ್ದಾರೆ):
ಮೇಡಂ, ನಮಸ್ಕಾರ. ನನಗೆ 41 ವರ್ಷ. ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಎಂಟು ಹತ್ತು ವರ್ಷದಿಂದ ದಿನಾ ಸಂಜೆ ಕುಡಿಯುತ್ತೇನೆ. ಮೊದಲು ನೈಂಟಿ ಸಾಕಾಗುತ್ತಿತ್ತು. ಈಗ ಕ್ವಾರ್ಟರ್ ಮೇಲೆ ಇನ್ನೊಂದು ನೈಂಟಿ ಬೇಕು, ಭಾನುವಾರ ಅಂತೂ ಲೆಕ್ಕವೇ ಇಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ, ಬೆವರುತ್ತದೆ. ದಿನಾ ಬೆಳಿಗ್ಗೆ ಇವತ್ತು ಬೇಡ ಅಂತ ಗಟ್ಟಿ ಮನಸ್ಸು ಮಾಡುತ್ತೇನೆ. ಸಂಜೆ ಏಳಕ್ಕೆ ಶಟರ್ ಎಳೆದ ಮೇಲೆ ಕಾಲು ತಾನಾಗೇ ವೈನ್ಸ್ ಕಡೆ ಹೋಗುತ್ತದೆ. ಡಾಕ್ಟರೊಬ್ಬರು ಸಿಬಿಟಿ ತಗೊಳ್ಳಿ ಅಂದರು. ಅಂದರೆ ಕೂರಿಸಿಕೊಂಡು ಬುದ್ಧಿ ಹೇಳುವುದಾ? ಅದನ್ನು ಹೆಂಡತಿ, ಅಮ್ಮ, ಭಾವ ಎಲ್ಲರೂ ಹೇಳಿ ಆಗಿದೆ. ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ಸಿಬಿಟಿಗಿಂತ ಮೊದಲು ಕೈ ನಡುಕದ ಮಾತು. ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ಇದನ್ನು ಓದಿ ಹುಮ್ಮಸ್ಸು ಬಂತು ಅಂತ ನಾಳೆಯಿಂದಲೇ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಪೆಗ್ ಆಗಿ 6ರಿಂದ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸಿ, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗದೆ, ಮೈಯೆಲ್ಲ ಬೆವರಿ ಜ್ವರ ಏರುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಅದರಿಂದ ಜೀವ ಹೋಗಬಹುದು. ಮನೋವೈದ್ಯರನ್ನು ನೋಡಿದರೆ ಕೆಲವು ದಿನದ ಮಟ್ಟಿಗೆ ಮಾತ್ರೆ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡಿ ನಿಲ್ಲಿಸುತ್ತಾರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಹತ್ತಿರದ ಕ್ಲಿನಿಕ್‌ಗೆ ಹೋಗಿ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬಂದರೆ ಸಾಲದು. ತುಂಬಾ ದಿನ ಕುಡಿದು ಊಟ ಬಿಟ್ಟವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು.

ಈಗ ನಿಮ್ಮ ಪ್ರಶ್ನೆ. ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನು ಬಿಡಿಸಿ ನೋಡಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಇಲ್ಲ, ಬುದ್ಧಿ ಹೇಳುವುದಿಲ್ಲ. ಕುಡಿದರೆ ಲಿವರ್ ಹಾಳಾಗುತ್ತದೆ ಅನ್ನುವುದು ನಿಮಗೆ ನನ್ನಷ್ಟೇ ಗೊತ್ತು.

ನಿಮ್ಮ ಮಾತಿನಲ್ಲೇ ಒಂದು ಸುಳಿವು ಇದೆ. ಬೆಳಿಗ್ಗೆ ಗಟ್ಟಿ ಮನಸ್ಸು, ಸಂಜೆ ಏಳಕ್ಕೆ ಕಾಲು ತಾನಾಗೇ. ನಡುವೆ ಹತ್ತು ಹನ್ನೆರಡು ಗಂಟೆ ಏನಾಯಿತು? ಅಲ್ಲಿ ನಡೆದದ್ದನ್ನು ಬಿಡಿಸಿ ನೋಡುವುದೇ ನಮ್ಮ ಮೊದಲ ಕೆಲಸ. ಎಲ್ಲಿದ್ದಿರಿ, ಯಾರ ಜೊತೆ, ತಲೆಯಲ್ಲಿ ಏನು ಓಡಿತು, ಮೈಯಲ್ಲಿ ಏನಾಯಿತು, ಆಮೇಲೆ ಏನು ಮಾಡಿದಿರಿ, ಕುಡಿದ ತಕ್ಷಣ ಏನು ಸಿಕ್ಕಿತು, ಮರುದಿನ ಏನು ಕಳೆದುಕೊಂಡಿರಿ. ಇದನ್ನು ಫಂಕ್ಷನಲ್ ಅನಾಲಿಸಿಸ್ ಅನ್ನುತ್ತಾರೆ. ವೈನ್ಸ್ ಕೌಂಟರ್ ಮುಂದೆ ನಿಂತಾಗ ಬೇಡ ಅನ್ನುವುದು ಬಹಳ ಕಷ್ಟ, ಆ ಹೊತ್ತಿಗೆ ಮನಸ್ಸು ಆಗಲೇ ತೀರ್ಮಾನ ಮಾಡಿ ಆಗಿರುತ್ತದೆ. ಅದಕ್ಕೆ ಎರಡು ಮೂರು ಗಂಟೆ ಮೊದಲು ತಡೆಯುವುದು ಎಷ್ಟೋ ಸುಲಭ. ನಾನು ನೋಡಿದವರಲ್ಲಿ ಹೆಚ್ಚಿನವರು ಸೋಲುವುದು ತಪ್ಪು ಹೊತ್ತಿನಲ್ಲಿ ಹೋರಾಡುವುದಕ್ಕೆ.

ಡಾಕ್ಟರನ್ನು ನೋಡುವ ತನಕ ಒಂದು ಕೆಲಸ ಮಾಡಿ. ಕುಡಿತ ಬದಲಿಸಲು ಹೋಗಬೇಡಿ, ಬರೆಯಿರಿ ಅಷ್ಟೇ. ಅಂಗಡಿಯ ಬಿಲ್ ಬುಕ್ಕಿನ ಹಿಂಬದಿ ಆದರೂ ಸರಿ. ನಾಲ್ಕೈದು ದಿನದ್ದು ಇಲ್ಲಿ ಹಾಕಿ.

ಅದೇ ಪ್ರಶ್ನೆ ಕೇಳಿದವರು:
ಬರೆದೆ ಮೇಡಂ. ಮನೋವೈದ್ಯರನ್ನೂ ನೋಡಿದೆ, ಮಾತ್ರೆ ಶುರುವಾಗಿದೆ, ಕೈ ನಡುಕ ಕಡಿಮೆ ಇದೆ. ಮಾತ್ರೆಗಿಂತ ಮೊದಲಿನ ಒಂದು ದಿನದ್ದು ಇದು:

ಮಂಗಳವಾರ. ಮಧ್ಯಾಹ್ನ ಊಟ ಇಲ್ಲ, ಲೋಡ್ ಬಂದಿತ್ತು. ನಾಲ್ಕೂವರೆಗೆ ಹಳೇ ಬಾಕಿ ಗಿರಾಕಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಿಟ್ಟು ಬಂತು. ಐದೂವರೆಗೆ ಗೆಳೆಯ ಫೋನ್ ಮಾಡಿ "ಸಂಜೆ ಸಿಗ್ತೀಯಾ" ಅಂದ, ನೋಡೋಣ ಅಂದೆ. ಆರೂವರೆಗೆ ಗಲ್ಲಾದಿಂದ ಐನೂರು ತೆಗೆದು ಅಂಗಿ ಜೇಬಿಗೆ ಹಾಕಿದೆ, ಯಾಕೆ ಅಂತ ಯೋಚನೆ ಮಾಡಲಿಲ್ಲ. ಏಳಕ್ಕೆ ಶಟರ್. ಮನೆಗೆ ಹೋಗಲು ಎರಡು ದಾರಿ ಇದೆ, ಆ ಕಡೆಯ ದಾರಿ ಹಿಡಿದೆ. ತಲೆಯಲ್ಲಿ ಬಂದದ್ದು "ದಿನಾ ಕತ್ತೆ ಥರ ದುಡಿತೀನಿ, ಇಷ್ಟೂ ಇಲ್ಲ ಅಂದ್ರೆ ಹೇಗೆ".

ಉತ್ತರ:
ತುಂಬಾ ಚೆನ್ನಾಗಿ ಬರೆದಿದ್ದೀರಿ. ಈ ಪುಟ್ಟ ಪ್ಯಾರಾದಲ್ಲಿ ನಮಗೆ ಬೇಕಾದದ್ದೆಲ್ಲ ಇದೆ.

ಆರೂವರೆಯ ಐನೂರು ರೂಪಾಯಿ ನೋಡಿ. ಯಾಕೆ ಅಂತ ಯೋಚಿಸಲಿಲ್ಲ ಅಂದಿರಿ. ಹಾಗೆಯೇ "ನೋಡೋಣ" ಅಂದದ್ದು, ಆ ದಾರಿ ಹಿಡಿದದ್ದು. ಒಂದೊಂದೇ ನೋಡಿದರೆ ಏನೂ ಅಲ್ಲ, ಮೂರೂ ಸೇರಿದರೆ ಕ್ವಾರ್ಟರ್ ಆಗಲೇ ಕೈಯಲ್ಲಿದೆ. ಅಮೆರಿಕದ ಅಲನ್ ಮಾರ್ಲಾಟ್ ಅನ್ನುವ ಮನಶ್ಶಾಸ್ತ್ರಜ್ಞರು ಕುಡಿತಕ್ಕೆ ಮರಳಿ ಜಾರುವುದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮೇಲ್ನೋಟಕ್ಕೆ ಸಂಬಂಧವೇ ಇಲ್ಲ ಅನ್ನಿಸುವ ಇಂಥ ಸಣ್ಣ ತೀರ್ಮಾನಗಳ ಮೇಲೆ ಅವರು ಬಹಳ ಒತ್ತು ಕೊಟ್ಟರು. ಹಾಗಾಗಿ ನಿಮ್ಮ ಬದಲಾವಣೆಗಳು ಇಲ್ಲಿಂದ ಶುರು. ಐದು ಗಂಟೆಗೆ ಖಾರ ಮಂಡಕ್ಕಿ ಮಿರ್ಚಿನೋ, ಎರಡು ಬಾಳೆಹಣ್ಣೋ, ಏನಾದರೂ ತಿನ್ನಿ. ಹಸಿದ ಹೊಟ್ಟೆ, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಇದ್ದಾಗ ಕುಡಿಯುವ ಆಸೆ ಜೋರಾಗುತ್ತದೆ, ನಿಮಗೆ ಆ ದಿನ ಮೂರು ಒಟ್ಟಿಗೇ ಇದ್ದವು. ಆರು ಗಂಟೆಗೆ ಗಲ್ಲಾದ ದುಡ್ಡನ್ನು ಹೆಂಡತಿಗೋ ತಮ್ಮನಿಗೋ ಕೊಟ್ಟುಬಿಡುವ ವ್ಯವಸ್ಥೆ ಮಾಡಿ, ಫೋನಿನ ಯುಪಿಐಗೂ ದಿನದ ಮಿತಿ ಇಡಿ. ಇನ್ನೊಂದು ದಾರಿಯಲ್ಲೇ ಹೋಗಿ, ಮೊದಲ ಕೆಲವು ವಾರ ಮಗಳೋ ಮಗನೋ ಅಂಗಡಿಗೆ ಬಂದು ನಿಮ್ಮ ಜೊತೆ ಬೈಕಿನಲ್ಲಿ ಮನೆಗೆ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಬಾಕಿ ವಸೂಲಿಯ ಫೋನ್‌ಗಳನ್ನು ಬೆಳಿಗ್ಗೆಗೆ ಹಾಕಿಕೊಳ್ಳಿ.

ಗೆಳೆಯನ ಫೋನಿಗೆ "ನೋಡೋಣ" ಬೇಡ. "ಇವತ್ತು ಬೇಡ", "ಮಾತ್ರೆ ತಗೊಂಡಿದ್ದೀನಿ" ಇವೂ ಬೇಡ, ಮಾತ್ರೆ ಮುಗಿದ ದಿನ ಅವರು ಮತ್ತೆ ಕೇಳುತ್ತಾರೆ. "ಇಲ್ಲ ಗುರು, ನಾನು ಬಿಟ್ಟಿದ್ದೀನಿ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಬಾ" ಅಂತ ಒಂದೇ ಉಸಿರಿನಲ್ಲಿ ಹೇಳಿ ಮಾತು ಬದಲಿಸಿ. ಓದುವಾಗ ಸುಲಭ ಅನ್ನಿಸುತ್ತದೆ, ಎದುರಿಗೆ ನಿಂತಾಗ ಬಾಯಿ ಬರುವುದಿಲ್ಲ. ಅದಕ್ಕೇ ಸೆಷನ್‌ನಲ್ಲಿ ನಾನು ಆ ಗೆಳೆಯನಾಗಿ "ಒಂದೇ ಒಂದು ಹಾಕೋ, ಏನಾಗಲ್ಲ, ನಮ್ಮ ಮೇಲೆ ಬೇಜಾರಾ" ಅಂತ ಒತ್ತಾಯ ಮಾಡುತ್ತೇನೆ, ಎದುರಿನವರು ಬೇಡ ಅನ್ನುವುದನ್ನು ಬಾಯಿಗೆ ಅಭ್ಯಾಸ ಆಗುವಷ್ಟು ಸಲ ಹೇಳುತ್ತಾರೆ.

ಇನ್ನು ಆ ಯೋಚನೆ. "ಇಷ್ಟೂ ಇಲ್ಲ ಅಂದ್ರೆ ಹೇಗೆ". ಇದು ನಿಮಗೆ ನೀವೇ ಕೊಟ್ಟುಕೊಳ್ಳುವ ಪರ್ಮಿಷನ್. ಸಿಬಿಟಿಯ ಬುನಾದಿ ಹಾಕಿದ ಆರನ್ ಬೆಕ್ ಇಂಥ ಯೋಚನೆಗಳನ್ನೇ ಹಿಡಿದು ಕೆಲಸ ಮಾಡಿದರು. ಅದನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. ದುಡಿಯುತ್ತೀರಿ, ಸುಸ್ತಾಗುತ್ತೀರಿ, ಏನೋ ಒಂದು ಸಿಗಬೇಕು ಅನ್ನುವುದು ನ್ಯಾಯವೇ. ಆದರೆ ಅದರ ಪಕ್ಕದಲ್ಲಿ ಬರೆಯಿರಿ: ಬುಧವಾರ ಬೆಳಿಗ್ಗೆ ಹೇಗಿತ್ತು? ಹೆಂಡತಿ ಮಾತಾಡಿದರಾ? ಎಷ್ಟು ಖರ್ಚಾಯಿತು? ಆಮೇಲೆ ನಿಮ್ಮದೇ ಮಾತಿನಲ್ಲಿ ಒಂದು ಉತ್ತರ. ಒಬ್ಬರು ಬರೆದದ್ದು ಹೀಗಿತ್ತು: "ದುಡಿದಿದ್ದೀನಿ, ಅದಕ್ಕೇ ಇವತ್ತು ಬಿಸಿ ಊಟ ಮಾಡಿ ಚೆನ್ನಾಗಿ ನಿದ್ದೆ ಮಾಡ್ತೀನಿ". ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ದುಡ್ಡು ಇಡುತ್ತಿದ್ದ ಅದೇ ಜೇಬಿನಲ್ಲಿ.

ಇಷ್ಟೆಲ್ಲ ಮಾಡಿದರೂ ಆಸೆ ಬಂದೇ ಬರುತ್ತದೆ. ಬಂದಾಗ ಅದು ಏರುತ್ತಲೇ ಹೋಗುತ್ತದೆ, ಕುಡಿದರೆ ಮಾತ್ರ ಇಳಿಯುತ್ತದೆ ಅನ್ನಿಸುತ್ತದೆ. ಹಾಗಿಲ್ಲ. ಅದು ಅಲೆಯ ಥರ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಕೂತು ಗಮನಿಸಿ: ಎಲ್ಲಿ ಗೊತ್ತಾಗುತ್ತಿದೆ, ಗಂಟಲಲ್ಲಾ, ಎದೆಯಲ್ಲಾ, ಹೊಟ್ಟೆಯಲ್ಲಾ? ಹತ್ತಕ್ಕೆ ಎಷ್ಟು? ಐದು ನಿಮಿಷ ಬಿಟ್ಟು ಮತ್ತೆ ಅಂಕ ಹಾಕಿ. ಓಡಿಸಲು ಹೋಗಬೇಡಿ, ಜಗಳ ಆಡಬೇಡಿ, ಉಸಿರಾಡುತ್ತಾ ನೋಡುತ್ತಿರಿ. ಎಂಟು ಇದ್ದದ್ದು ಕುಡಿಯದೆಯೇ ಮೂರಕ್ಕೆ ಇಳಿದದ್ದನ್ನು ಒಂದು ಸಲ ಕಣ್ಣಾರೆ ನೋಡಿದರೆ ಬರುವ ಧೈರ್ಯ ನಾನು ಎಷ್ಟು ಹೇಳಿದರೂ ಬರುವುದಿಲ್ಲ.

ಪ್ರಶ್ನೆ (ಹಾಸನದಿಂದ ಒಬ್ಬ ಸಹೋದರಿ):
ಮೇಡಂ, ನಮ್ಮ ಮನೆಯವರು ಬರೆಯುವುದಿರಲಿ, ಆಸ್ಪತ್ರೆಗೇ ಬರುವುದಿಲ್ಲ. ಊಟದಲ್ಲಿ ಗೊತ್ತಾಗದ ಹಾಗೆ ಒಂದು ಮಾತ್ರೆ ಪುಡಿ ಮಾಡಿ ಹಾಕಿದರೆ ಕುಡಿಯುವುದು ಬಿಡುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದರು. ಹಾಕಬಹುದಾ?

ಉತ್ತರ:
ದಯವಿಟ್ಟು ಹಾಕಬೇಡಿ ಅಕ್ಕ. ಅದು ಬಹುಶಃ ಡೈಸಲ್ಫಿರಾಂ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ, ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ್ ಪರೀಕ್ಷೆ ಮಾಡಿ ಕೊಟ್ಟಾಗ ಮಾತ್ರ ಅದು ಔಷಧಿ.

ಅವರು ಬರದಿದ್ದರೂ ನೀವು ಬನ್ನಿ. ಮನೆಯವರಿಗೆಂದೇ ಕೌನ್ಸೆಲಿಂಗ್ ಇದೆ. ಕುಡಿದು ಬಂದಾಗ ವಾದ ಬೇಡ, ಮಾತೆಲ್ಲ ಬೆಳಿಗ್ಗೆ. ಕುಡಿಯದ ಸಂಜೆ ಬಂದರೆ ಅವತ್ತು ಹಳೆಯದೆಲ್ಲ ಎತ್ತಬೇಡಿ, ಜೊತೆಗೆ ಕೂತು ಊಟ ಮಾಡಿ, ಖುಷಿಯಾಯಿತು ಅಂತ ಬಾಯಿಬಿಟ್ಟು ಹೇಳಿ. ಅವರು ಕುಡಿದು ಮಲಗಿದ್ದಕ್ಕೆ ಕೆಲಸದ ಕಡೆಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿ. ಆದರೆ ಹೊಡೆತ ಬಡಿತ ಇದ್ದರೆ ಇದ್ಯಾವುದೂ ಮೊದಲಲ್ಲ. ನಿಮ್ಮ, ಮಕ್ಕಳ ಸುರಕ್ಷತೆ ಮೊದಲು, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಪ್ರಶ್ನೆ (ಮಂಡ್ಯದಿಂದ):
ನಾನು ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಹೊಸತೊಡಕಿನ ಬಾಡೂಟಕ್ಕೆ ಹೋದಾಗ ಒಂದು ಬಿಯರ್ ಕುಡಿದೆ. ಹೋಯ್ತಲ್ಲ ಎಲ್ಲಾ ಅನ್ನಿಸಿ ಆ ವಾರ ಪೂರ್ತಿ ಕುಡಿದೆ. ಈಗ ಥೆರಪಿಸ್ಟ್ ಮುಖ ನೋಡಲು ನಾಚಿಕೆ.

ಉತ್ತರ:
ವಾರ ಪೂರ್ತಿ ಕುಡಿಸಿದ್ದು ಆ ಒಂದು ಬಿಯರ್ ಅಲ್ಲ, "ಹೋಯ್ತಲ್ಲ ಎಲ್ಲಾ" ಅನ್ನುವ ಯೋಚನೆ. ಮಾರ್ಲಾಟ್ ಇದಕ್ಕೂ ಹೆಸರು ಕೊಟ್ಟಿದ್ದಾರೆ, ಅಷ್ಟು ಸಾಮಾನ್ಯ ಇದು. ಒಂದು ಸಲ ತಪ್ಪಿದಾಗ ಜನ ಅದನ್ನು "ನಾನೇ ಸರಿಯಿಲ್ಲ, ನನ್ನ ಹಣೆಬರಹ" ಅಂತ ಓದಿಕೊಳ್ಳುತ್ತಾರೆ. ಆ ನಾಚಿಕೆ ಮರೆಯಲು ಮತ್ತೆ ಕುಡಿಯುತ್ತಾರೆ. ಬಾಡೂಟದ ದಿನ ಯಾರ ಪಕ್ಕ ಕೂತಿರಿ, ಊಟ ಬಡಿಸುವುದು ಎಷ್ಟು ತಡವಾಯಿತು, ಅಲ್ಲಿಂದ ಎದ್ದು ಬರಲು ನಿಮ್ಮ ಗಾಡಿ ಇತ್ತಾ, ಇದೆಲ್ಲ ನೋಡಬೇಕು. ನಾಲ್ಕು ತಿಂಗಳು ಕಲಿತದ್ದು ಎಲ್ಲೂ ಹೋಗಿಲ್ಲ.

ಈಗಲೂ ದಿನಾ ಕುಡಿಯುತ್ತಿದ್ದರೆ ಮೊದಲು ಡಾಕ್ಟರ್. ನಿಂತಿದ್ದರೆ ಈ ವಾರದ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ, ನಿಮ್ಮ ಥೆರಪಿಸ್ಟ್‌ಗೆ ಇದು ಹೊಸದಲ್ಲ. ಮತ್ತೆ ಜಾರಿದರೆ ಏನು ಮಾಡುವುದು ಅಂತ ಮೊದಲೇ ಬರೆದಿಡಿ: ಗ್ಲಾಸ್ ಕೆಳಗಿಡುವುದು, ಜಾಗ ಬಿಡುವುದು, ಇಂಥವರಿಗೆ ಫೋನ್ ಮಾಡುವುದು.

ಪ್ರಶ್ನೆ (ರಾಯಚೂರಿನಿಂದ, ಶಿಕ್ಷಕರು):
ಇದೆಲ್ಲ ಓದಿದವರಿಗೆ, ಪೇಟೆಯವರಿಗೆ ಸರಿ. ನಮ್ಮ ಹಳ್ಳಿಯಲ್ಲಿ ಸಾರಾಯಿ ನಿಂತ ಮೇಲೂ ಕುಡಿತ ನಿಲ್ಲಲಿಲ್ಲ, ಈಗ ಟೆಟ್ರಾ ಪ್ಯಾಕ್. ಸೈಕಾಲಜಿಸ್ಟ್ ಎಲ್ಲಿಂದ ತರುವುದು?

ಉತ್ತರ:
ಸರ್, ನಿಜ. ಸಾರಾಯಿ ನಿಷೇಧ ಆದದ್ದು 2007ರಲ್ಲಿ, ಕುಡಿತ ಬಾಟಲಿ ಬದಲಿಸಿತು ಅಷ್ಟೇ. ಆದರೆ ಓದಿದವರಿಗೆ ಮಾತ್ರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಗೋವಾದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಹಾನಿಯಾಗುವ ಮಟ್ಟಕ್ಕೆ ಕುಡಿಯುತ್ತಿದ್ದ 377 ಗಂಡಸರನ್ನು ತೆಗೆದುಕೊಂಡು, ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡುವ ಚಿಕಿತ್ಸೆ ಕೊಟ್ಟರು. ಕೊಟ್ಟವರು ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ, ತರಬೇತಿ ಪಡೆದ ಸ್ಥಳೀಯ ಜನ. ಮೂರು ತಿಂಗಳ ನಂತರ ಹಾನಿಯ ಮಟ್ಟದಿಂದ ಕೆಳಗೆ ಬಂದವರು ಈ ಗುಂಪಿನಲ್ಲಿ ನೂರಕ್ಕೆ 36, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 26. ಸಂಗಾತ್ ಸಂಸ್ಥೆಯವರು ಮಾಡಿದ ಈ ಕೆಲಸ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಅವಲಂಬನೆ ತೀರಾ ಜಾಸ್ತಿ ಇರುವವರಿಗೆ ಇಷ್ಟೇ ಸಾಲದು, ಅವರನ್ನು ಆಸ್ಪತ್ರೆಗೆ ಕಳಿಸಲೇಬೇಕು. ಬರೆಯಲು ಬರದವರು ಕ್ಯಾಲೆಂಡರ್‌ನಲ್ಲಿ ಕುಡಿದ ದಿನಕ್ಕೆ ಗೀಟು ಎಳೆಯಲಿ, ಕುಡಿಯದ ದಿನಕ್ಕೆ ಸೊನ್ನೆ ಹಾಕಲಿ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಇಂಥ ತರಬೇತಿ ಸಿಗಬೇಕು, ಗೌರವಧನ ಏರಿಸಿ ಸಿಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ (ಮತ್ತೊಬ್ಬರು):
ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು) ಮೀಟಿಂಗ್ ಒಳ್ಳೆಯದಾ, ಸಿಬಿಟಿ ಒಳ್ಳೆಯದಾ, ಮಾತ್ರೆನಾ?

ಉತ್ತರ:
ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾಚ್ ಅಂತ 1,700ಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಅಧ್ಯಯನ ಆಯಿತು, ಮುಖ್ಯ ಫಲಿತಾಂಶ ಬಂದದ್ದು 1997ರಲ್ಲಿ. ಸಿಬಿಟಿ, ಮನಸ್ಸು ಹುರಿದುಂಬಿಸುವ ಚಿಕಿತ್ಸೆ, ಎಎ ಕಡೆಗೆ ಕರೆದೊಯ್ಯುವ ಚಿಕಿತ್ಸೆ, ಮೂರೂ ಹೆಚ್ಚು ಕಡಿಮೆ ಒಂದೇ ಫಲ ಕೊಟ್ಟವು. ಹಾಗಾಗಿ ನೀವು ಬಿಡದೆ ಹೋಗುವಂಥದ್ದನ್ನು ಆರಿಸಿ, ಎರಡಕ್ಕೂ ಹೋದರೆ ತಪ್ಪೇನಿಲ್ಲ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳು ಮತ್ತೆ ಕುಡಿತಕ್ಕೆ ಜಾರುವುದನ್ನು ತಡೆಯಲು ನೆರವಾಗುತ್ತವೆ. ಲಿವರ್, ಕಿಡ್ನಿ ನೋಡಿಕೊಂಡು ಡಾಕ್ಟರೇ ಬರೆಯಬೇಕು.

ದಾವಣಗೆರೆಯವರು:
ಮೇಡಂ, ಎಷ್ಟು ಸಲ ಬರಬೇಕಾಗುತ್ತದೆ? ನನ್ನ ಗೆಳೆಯನೂ ಕೇಳುತ್ತಿದ್ದಾನೆ, ಎಲ್ಲಿಗೆ ಹೋಗಬೇಕು ಅಂತ.

ಉತ್ತರ:
ಸಿಬಿಟಿ ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹನ್ನೆರಡು ಸೆಷನ್, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತೇವೆ. ನಿಮ್ಮ ಗೆಳೆಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಲಿ. ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಮುಕ್ತಿಗೆ 14446 ಇದೆ. ಕುಡಿದಿದ್ದೇನೆ, ಹೇಗೆ ಹೋಗಲಿ ಅಂತ ಹಿಂಜರಿಯುವುದು ಬೇಡ, ಹಾಗೇ ಹೋಗಲಿ. ಆದರೆ ಎಷ್ಟು ಕುಡಿಯುತ್ತೇನೆ, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಈ ಮೂರನ್ನು ಇದ್ದದ್ದು ಇದ್ದ ಹಾಗೆ ಹೇಳಲಿ. ಮಾನಕ್ಕೆ ಅಂಜಿ ಅರ್ಧ ಹೇಳಿದರೆ ಕೊಡುವ ಮಾತ್ರೆಯೂ ಅರ್ಧವೇ ಆಗುತ್ತದೆ.