ಡೆಬಿಯನ್ 12ರಲ್ಲಿ ಲಿಬ್‌ಎಸ್‌ಎಸ್‌ಎಲ್ 1.1 ಇಲ್ಲ: ಹಳೆ ಪ್ರೋಗ್ರಾಂಗೆ ಸಿಮ್‌ಲಿಂಕ್ ಹಾಕಿದರೆ ಸಾಕಾ?

ರಾತ್ರಿಪಾಳಿ:

ನಮಸ್ಕಾರ ಎಲ್ಲರಿಗೂ. ಡೆಬಿಯನ್ 11 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಓಡುತ್ತಿದ್ದ ಸರ್ವರ್ ಬಿಟ್ಟು, ಹೊಸ ಯಂತ್ರಕ್ಕೆ ಡೆಬಿಯನ್ 12 ಹಾಕಿ ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತಿದ್ದೇನೆ. ಮಿಕ್ಕಿದ್ದೆಲ್ಲ ಸರಿಯಾಗಿ ಓಡುತ್ತಿದೆ. ನಮ್ಮಲ್ಲೇ ಸಿ ಭಾಷೆಯಲ್ಲಿ ಬರೆದ ಹಳೆ ಪ್ರೋಗ್ರಾಂ ಒಂದು ಮಾತ್ರ ಹಟ ಹಿಡಿದಿದೆ. ಪಿ12 ಫೈಲ್‌ನಿಂದ (ಕೀ, ಸರ್ಟಿಫಿಕೇಟ್ ಎರಡನ್ನೂ ಪಾಸ್‌ವರ್ಡ್ ಹಾಕಿ ಇಡುವ ಫೈಲ್) ಕೀ ಓದಿ ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕುವುದು ಅದರ ಕೆಲಸ. ಓಡಿಸಿದ ತಕ್ಷಣ ‘ಲಿಬ್‌ಎಸ್‌ಎಸ್‌ಎಲ್.ಸೋ.1.1 ಸಿಗಲಿಲ್ಲ’ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಅದು ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ಲೈಬ್ರರಿಯ ಫೈಲ್. ಹೊಸ ಯಂತ್ರದಲ್ಲಿ ಇರುವುದು ಲಿಬ್‌ಎಸ್‌ಎಸ್‌ಎಲ್.ಸೋ.3.

ಹುಡುಕಿದಾಗ ಎರಡು ದಾರಿ ಕಂಡವು. ಹೊಸ ಫೈಲ್‌ಗೆ ಹಳೆ ಹೆಸರಿನಲ್ಲಿ ಸಿಮ್‌ಲಿಂಕ್ (ಇನ್ನೊಂದು ಫೈಲನ್ನು ತೋರಿಸುವ ಕೊಂಡಿ) ಹಾಕುವುದು ಒಂದು. ಡೆಬಿಯನ್ 11ರ ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್) ತಂದು ಇನ್‌ಸ್ಟಾಲ್ ಮಾಡುವುದು ಇನ್ನೊಂದು. ಯಾವುದು ವಾಸಿ? ಸೋರ್ಸ್ ಕೋಡ್ ನಮ್ಮ ಹತ್ತಿರ ಇದೆ.

ಜೊತೆಗೆ ಒಂದು ಸಂದೇಹ. ಹಳೆಯದು, ಹೊಸದು ಎರಡನ್ನೂ ಡೆಬಿಯನ್‌ನವರೇ ಕೊಡಬಹುದಿತ್ತು ಅಲ್ವಾ? ಇಷ್ಟೊಂದು ಜನ ಬಳಸುವ ಲೈಬ್ರರಿಯನ್ನು ಹೀಗೆ ಯಾಕೆ ತೆಗೆದರು?

ಪ್ಯಾಕೇಜ್‌ಪಾಲಕ:

ಸಿಮ್‌ಲಿಂಕ್ ಬೇಡ ಸರ್. ಹಾಕಿದರೂ ಓಡುವುದಿಲ್ಲ.

ನಿಮ್ಮ ಪ್ರೋಗ್ರಾಂ ಬಿಲ್ಡ್ ಆದಾಗ ಲಿಂಕರ್ (ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವ ಸಾಧನ) ಅದರೊಳಗೆ ‘ನನಗೆ ಲಿಬ್‌ಎಸ್‌ಎಸ್‌ಎಲ್.ಸೋ.1.1 ಬೇಕು’ ಎಂದು ಬರೆದಿಟ್ಟಿದೆ. ಇದೇ ಸೋನೇಮ್. ಈ ಹೆಸರು ಬದಲಾಗದಿದ್ದರೆ ಒಳಗಿನ ಲೈಬ್ರರಿಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಪ್ರೋಗ್ರಾಂ ಮುಟ್ಟಬೇಕಿಲ್ಲ. 1.1.1ರಿಂದ 1.1.1ಡಬ್ಲ್ಯೂವರೆಗೂ ಬಂದದ್ದೆಲ್ಲ ಹೀಗೆಯೇ. ಹೆಸರಿನ ನಂಬರ್ ಬದಲಾಯಿತು ಅಂದರೆ ಹಳೆ ಪ್ರೋಗ್ರಾಂಗಳ ಜೊತೆ ಎಬಿಐ ಹೊಂದಿಕೆ (ಮರುಬಿಲ್ಡ್ ಇಲ್ಲದೆ ಲೈಬ್ರರಿ ಜೊತೆ ಓಡುವ ಹೊಂದಿಕೆ) ಮುಗಿಯಿತು ಎಂದೇ ಲೆಕ್ಕ. ಸಿಮ್‌ಲಿಂಕ್ ಫೈಲ್ ಹೆಸರನ್ನಷ್ಟೇ ಬದಲಾಯಿಸುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಪ್ರತಿ ಸಿಂಬಲ್‌ಗೂ (ಫಂಕ್ಷನ್‌ನಂಥವುಗಳ ಹೆಸರು) ವರ್ಷನ್ ಲೇಬಲ್ ಇದೆ. ನಿಮ್ಮ ಪ್ರೋಗ್ರಾಂ 1.1ರ ಲೇಬಲ್ ಕೇಳುತ್ತದೆ, ಹೊಸ ಫೈಲ್‌ನಲ್ಲಿ ಇರುವುದು 3ರ ಲೇಬಲ್. ಓಡಿಸುವಾಗ ಲೈಬ್ರರಿ ತಂದು ಜೋಡಿಸುವ ಲೋಡರ್ ಅಲ್ಲೇ ನಿಲ್ಲಿಸುತ್ತದೆ.

ನಿಲ್ಲಿಸುವುದೇ ಒಳ್ಳೆಯದು. ಲೇಬಲ್ ಇಲ್ಲದ ಲೈಬ್ರರಿಯಾಗಿದ್ದರೆ ಶುರುವಾಗಿ, ಮಧ್ಯದಲ್ಲೆಲ್ಲೋ ಬಿದ್ದುಹೋಗುತ್ತಿತ್ತು. ಬೀಳದೆ ತಪ್ಪು ಫಲಿತಾಂಶ ಕೊಡುವ ಸಾಧ್ಯತೆಯೂ ಇದೆ. ಸಹಿ ಹಾಕುವ ಪ್ರೋಗ್ರಾಂನಲ್ಲಿ ಅದು ಭಯಂಕರ.

ಡೆಬ್ ಫೈಲ್ ತಂದರೆ ಪ್ರೋಗ್ರಾಂ ಓಡುತ್ತದೆ. ಎರಡು ಪ್ಯಾಕೇಜ್‌ಗಳ ಹೆಸರೂ ಬೇರೆ ಬೇರೆ, ಅಕ್ಕಪಕ್ಕ ಇರುತ್ತವೆ. ಆದರೆ ಡೆಬಿಯನ್ 12ರ ರೆಪೊಸಿಟರಿಯಲ್ಲಿ ಅದು ಇಲ್ಲವಾದ್ದರಿಂದ ಯಾವ ಅಪ್‌ಡೇಟೂ ತಾನಾಗಿ ಬರುವುದಿಲ್ಲ. ಡೆಬಿಯನ್ 11ರ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಕೂಡ 2026ರ ಆಗಸ್ಟ್ 31ರವರೆಗೆ ಮಾತ್ರ. ಸೋರ್ಸ್ ಇಲ್ಲದವರಿಗೆ ಇದು ಕೊನೆಯ ದಾರಿ. ನಿಮ್ಮ ಹತ್ತಿರ ಸೋರ್ಸ್ ಇದೆ, ಮತ್ತೆ ಬಿಲ್ಡ್ ಮಾಡಿ.

ಇನ್ನು ಡೆಬಿಯನ್‌ನವರು ಯಾಕೆ ತೆಗೆದರು ಎಂಬ ಪ್ರಶ್ನೆ. ನಾನು ಪ್ಯಾಕೇಜ್ ಕೆಲಸ ಮಾಡುವವನು, ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಡೆಬಿಯನ್ 11 ಬಂದದ್ದು 2021ರ ಆಗಸ್ಟ್‌ನಲ್ಲಿ. ಓಪನ್‌ಎಸ್‌ಎಸ್‌ಎಲ್ 3.0 ಬಂದದ್ದು ಸೆಪ್ಟೆಂಬರ್ 7ಕ್ಕೆ. ಹಾಗಾಗಿ 11ರಲ್ಲಿ 1.1.1 ಉಳಿಯಿತು. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್ 11ಕ್ಕೆ 1.1.1ರ ಸಾರ್ವಜನಿಕ ಬೆಂಬಲ ಮುಗಿಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ 16ನ್ನು 2024ರ ಏಪ್ರಿಲ್‌ವರೆಗೆ ನಡೆಸುವ ಯೋಜನೆಯಿತ್ತು. ಇದೇ ಕಾರಣಕ್ಕೆ ಅದನ್ನೂ ಅದೇ ದಿನಕ್ಕೆ ಮುಗಿಸಿದರು. 1.1ನ್ನು 12ರಲ್ಲೂ ಇಟ್ಟಿದ್ದರೆ, ಮೂಲದವರು ಕೈಬಿಟ್ಟ ಕೋಡ್‌ಗೆ ವರ್ಷಗಟ್ಟಲೆ ಪ್ಯಾಚ್ ಹೊಂದಿಸುವ ಕೆಲಸ ಸೆಕ್ಯುರಿಟಿ ಟೀಮ್ ಮೇಲೆ ಬೀಳುತ್ತಿತ್ತು.

ಎರಡನ್ನೂ ಒಟ್ಟಿಗೆ ಇಡುವುದರಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಪ್ರೋಗ್ರಾಂ 1.1 ಬಳಸುತ್ತದೆ, ಅದಕ್ಕೆ ಬೇಕಾದ ಲಿಬ್‌ಕರ್ಲ್ (ನೆಟ್‌ವರ್ಕ್ ಮೂಲಕ ಡೇಟಾ ತರುವ ಲೈಬ್ರರಿ) ಓಪನ್‌ಎಸ್‌ಎಸ್‌ಎಲ್ 3 ಬಳಸುತ್ತದೆ ಎಂದುಕೊಳ್ಳಿ. ಎರಡೂ ಒಂದೇ ಪ್ರೊಸೆಸ್ ಒಳಗೆ ಬರುತ್ತವೆ. ಲೇಬಲ್ ಬೇರೆಯಾದ್ದರಿಂದ ಅಲ್ಲಿಯವರೆಗೆ ತೊಂದರೆ ಇಲ್ಲ. ಲಿಬ್‌ಕರ್ಲ್ ಕೊಟ್ಟ ಎಸ್‌ಎಸ್‌ಎಲ್ ಕಾಂಟೆಕ್ಸ್ಟನ್ನು (ಸುರಕ್ಷಿತ ಸಂಪರ್ಕದ ಸೆಟ್ಟಿಂಗ್‌ಗಳ ಸ್ಟ್ರಕ್ಚರ್) ನಿಮ್ಮ ಕೋಡ್ 1.1ರ ಫಂಕ್ಷನ್‌ಗೆ ದಾಟಿಸಿತು ಅಂದರೆ ಮುಗಿಯಿತು. ಒಳಗಿನ ಸ್ಟ್ರಕ್ಚರ್‌ಗಳೇ ಬೇರೆ.

ಅದಕ್ಕೇ ಇಂಥ ಲೈಬ್ರರಿಯನ್ನು ಒಂಟಿಯಾಗಿ ಬದಲಾಯಿಸುವುದಿಲ್ಲ. ಮೊದಲು ಹೊಸದನ್ನು ಡೆಬಿಯನ್‌ನ ಪ್ರಯೋಗದ ರೆಪೊಸಿಟರಿಯಾದ ಎಕ್ಸ್‌ಪೆರಿಮೆಂಟಲ್‌ಗೆ ಹಾಕುತ್ತಾರೆ. ಅದನ್ನು ಅವಲಂಬಿಸಿದ ಪ್ಯಾಕೇಜ್‌ಗಳನ್ನೆಲ್ಲ ಹೊಸದರ ಜೊತೆ ಬಿಲ್ಡ್ ಮಾಡಿ ನೋಡುತ್ತಾರೆ. ಬಿದ್ದದ್ದಕ್ಕೆಲ್ಲ ಬಗ್ ವರದಿ ಹಾಕುತ್ತಾರೆ. ರಿಲೀಸ್ ಟೀಮ್ ಸಮಯ ಕೊಟ್ಟ ಮೇಲೆ ಅನ್‌ಸ್ಟೇಬಲ್‌ಗೆ (ಅಭಿವೃದ್ಧಿ ನಡೆಯುವ ಶಾಖೆ) ತಂದು, ಸೋರ್ಸ್ ಮುಟ್ಟದೆ ಎಲ್ಲವನ್ನೂ ಮರುಬಿಲ್ಡ್ ಮಾಡುತ್ತಾರೆ. ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್‌ಗೆ ಗುಂಪಾಗಿ ದಾಟುತ್ತವೆ. ಕೆಟ್ಟುಹೋದ ಪ್ಯಾಕೇಜ್ ಒಂದಿದ್ದರೆ ಅದನ್ನು ಸರಿಮಾಡಬೇಕು, ಇಲ್ಲವೇ ಟೆಸ್ಟಿಂಗ್‌ನಿಂದ ತೆಗೆಯಬೇಕು. ಈ ಕೆಲಸ ಮಾಡುವವರಲ್ಲಿ ತುಂಬ ಜನ ಸ್ವಯಂಸೇವಕರು. ಬೇರೆಯವರು ಬರೆದು ಮರೆತ ಕೋಡನ್ನು ಕೂತು ಓದಿ ಸರಿಮಾಡುತ್ತಾರೆ. ನನಗೆ ಅವರ ಬಗ್ಗೆ ಬಹಳ ಗೌರವವಿದೆ. ನಿಮ್ಮ ಪ್ರೋಗ್ರಾಂ ಡೆಬಿಯನ್ ಒಳಗೆ ಇಲ್ಲದ ಕಾರಣ ಆ ಒಂದು ಪಾಲು ನಿಮಗೆ ಬಂದಿದೆ, ಅಷ್ಟೇ.

ಲಿಬ್‌ಎಸ್‌ಎಸ್‌ಎಲ್-ಡೆವ್ (ಬಿಲ್ಡ್‌ಗೆ ಬೇಕಾದ ಹೆಡರ್ ಫೈಲ್‌ಗಳ ಪ್ಯಾಕೇಜ್) ಹಾಕಿ ಬಿಲ್ಡ್ ಮಾಡಿ. ಎಂಡಿ5, ಆರ್‌ಎಸ್‌ಎ ಫಂಕ್ಷನ್‌ಗಳನ್ನು ನೇರವಾಗಿ ಕರೆದಿದ್ದರೆ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಎಂಬ ವಾರ್ನಿಂಗ್ ಸಾಲುಸಾಲಾಗಿ ಬರುತ್ತದೆ. ಅವು 3ರಲ್ಲೂ ಕೆಲಸ ಮಾಡುತ್ತವೆ. ಮೇಕ್‌ಫೈಲ್‌ನಲ್ಲಿ ವಾರ್ನಿಂಗನ್ನೇ ಎರರ್ ಮಾಡುವ ಫ್ಲ್ಯಾಗ್ ಇದ್ದರೆ ಮಾತ್ರ ಬಿಲ್ಡ್ ನಿಲ್ಲುತ್ತದೆ. ಬಿಡುವಾದಾಗ ಓಪನ್‌ಎಸ್‌ಎಸ್‌ಎಲ್‌ನ ಮೇಲುಮಟ್ಟದ ಇವಿಪಿ ಫಂಕ್ಷನ್‌ಗಳಿಗೆ ಬದಲಾಯಿಸಿಕೊಳ್ಳಿ.

ಹಸಿರುಟರ್ಮಿನಲ್:

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಸುಮ್ನೆ ಬಿಲ್ಡ್ ಆಯಿತು ಎಂದು ಲೈವ್ ಮಾಡಬೇಡಿ. 3.0ರಲ್ಲಿ ಎಂಡಿ4, ಆರ್‌ಸಿ2, ಆರ್‌ಸಿ4, ಬ್ಲೋಫಿಶ್, ಹಳೆ ಡೆಸ್ ಮುಂತಾದ ಹಳೆ ಅಲ್ಗಾರಿದಮ್‌ಗಳೆಲ್ಲ ಲೆಗಸಿ ಪ್ರೊವೈಡರ್ ಎಂಬ ಪ್ರತ್ಯೇಕ ಮಾಡ್ಯೂಲ್‌ಗೆ ಹೋಗಿವೆ. ಅದು ಡಿಫಾಲ್ಟ್ ಆಗಿ ಲೋಡ್ ಆಗುವುದಿಲ್ಲ. ಕೋಡ್ ಕಂಪೈಲ್ ಆಗುತ್ತದೆ, ಓಡುವಾಗ ‘ಅನ್‌ಸಪೋರ್ಟೆಡ್’ ಎನ್ನುತ್ತದೆ. ನೋಡ್ 17 ಬಂದಾಗ ವೆಬ್‌ಪ್ಯಾಕ್ (ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಒಟ್ಟುಗೂಡಿಸುವ ಸಾಧನ) ಬಿಲ್ಡ್‌ಗಳು ಬಿದ್ದದ್ದು ಇದರಿಂದಲೇ, ಅಲ್ಲಿ ಹ್ಯಾಶ್‌ಗೆ ಎಂಡಿ4 ಬಳಸುತ್ತಿದ್ದರು.

ರಾತ್ರಿಪಾಳಿ:

ಇಬ್ಬರಿಗೂ ಥ್ಯಾಂಕ್ಸ್. ಸಿಮ್‌ಲಿಂಕ್ ಯೋಚನೆ ಬಿಟ್ಟೆ. ಬಿಲ್ಡ್ ಆಯಿತು, ವಾರ್ನಿಂಗ್ ಬಂದವು. ಆದರೆ ಹಸಿರುಟರ್ಮಿನಲ್ ಅವರು ಹೇಳಿದ ಹಾಗೇ ಆಗಿದೆ. ಹೊಸ ಪಿ12 ಫೈಲ್‌ಗಳು ತೆರೆದುಕೊಳ್ಳುತ್ತವೆ. ಹಳೆಯವಕ್ಕೆ ‘ಆರ್‌ಸಿ2-40-ಸಿಬಿಸಿ, ಅನ್‌ಸಪೋರ್ಟೆಡ್’ ಎಂದು ಬರುತ್ತಿದೆ. ಕೋಡ್‌ನಲ್ಲಿ ಲೆಗಸಿ ಪ್ರೊವೈಡರ್ ಲೋಡ್ ಮಾಡಿಬಿಡಲೇ?

ಪ್ಯಾಕೇಜ್‌ಪಾಲಕ:

ಮಾಡಬಹುದು. ಆದರೆ ಲೆಗಸಿಯನ್ನು ಕೋಡ್‌ನಲ್ಲಿ ಲೋಡ್ ಮಾಡಿದರೆ ಡಿಫಾಲ್ಟ್ ಪ್ರೊವೈಡರ್ ತಾನಾಗಿ ಬರುವುದಿಲ್ಲ, ಎರಡನ್ನೂ ಲೋಡ್ ಮಾಡಬೇಕು. ನನ್ನ ಕೇಳಿದರೆ ಕೋಡ್ ಬಿಡಿ, ಫೈಲ್‌ಗಳನ್ನೇ ಬದಲಾಯಿಸಿ. ಆರ್‌ಸಿ2ರ 40 ಬಿಟ್ ಕೀ ಈಗ ಯಾವ ರಕ್ಷಣೆಯೂ ಅಲ್ಲ. ಸಹಿ ಹಾಕುವ ಕೀಯನ್ನು ಅದರ ಹಿಂದೆ ಇಡಬಾರದು.

ಓಪನ್‌ಎಸ್‌ಎಸ್‌ಎಲ್‌ನ ಪಿಕೆಸಿಎಸ್12 ಕಮಾಂಡ್‌ಗೆ ಲೆಗಸಿ ಆಯ್ಕೆ ಕೊಟ್ಟು ಹಳೆ ಫೈಲನ್ನು ಪೆಮ್‌ಗೆ (ಕೀ, ಸರ್ಟಿಫಿಕೇಟ್‌ಗಳನ್ನು ಪಠ್ಯ ರೂಪದಲ್ಲಿ ಇಡುವ ಫೈಲ್) ತೆಗೆಯಿರಿ. ಪಾಸ್‌ಫ್ರೇಸ್ ಕೇಳುತ್ತದೆ, ಕೊಡಿ. ಕೀ ಬಯಲಿನಲ್ಲಿ ಡಿಸ್ಕ್ ಮೇಲೆ ಕೂರುವುದು ಬೇಡ. ಆಮೇಲೆ ಲೆಗಸಿ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿ. 3.0 ಅದನ್ನು ಎಇಎಸ್-256ರಲ್ಲಿ ಬರೆಯುತ್ತದೆ. ಹೊಸ ಫೈಲ್‌ನಿಂದ ಒಂದು ಸಹಿ ಹಾಕಿ, ಹಳೆ ಸರ್ವರ್‌ನಲ್ಲಿ ಪರಿಶೀಲಿಸಿ ನೋಡಿ. ಸರಿ ಬಂದರೆ ಪೆಮ್ ಫೈಲ್ ಅಳಿಸಿ.

ಹಸಿರುಟರ್ಮಿನಲ್:

ಮುಂದೆ ಈ ಯಂತ್ರಕ್ಕೆ ಲಿಬ್‌ಎಸ್‌ಎಸ್‌ಎಲ್3ರ ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ನೀಡ್‌ರೀಸ್ಟಾರ್ಟ್ (ಯಾವುದಕ್ಕೆ ರೀಸ್ಟಾರ್ಟ್ ಬೇಕೆಂದು ಹುಡುಕುವ ಸಾಧನ) ಓಡಿಸಿ. ಡಿಸ್ಕ್ ಮೇಲಿನ ಫೈಲ್ ಬದಲಾದರೂ, ಮೊದಲೇ ಓಡುತ್ತಿರುವ ಸರ್ವಿಸ್‌ನ ಮೆಮೊರಿಯಲ್ಲಿ ಹಳೆಯದೇ ಇರುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಂದಾಗಲೂ ಪ್ಯಾಕೇಜ್ ಅಪ್‌ಡೇಟ್ ಮಾಡಿ ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದರೆ ತೂತು ಹಾಗೇ ಉಳಿಯುತ್ತಿತ್ತು. ನಿಮ್ಮ ಪ್ರೋಗ್ರಾಂ ಸರ್ವಿಸ್ ಆಗಿ ಓಡುತ್ತದೆಯಾದರೆ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಯೂನಿಟ್ ಫೈಲ್ ಬರೆದಿಡಿ. ಯಾವುದನ್ನು ರೀಸ್ಟಾರ್ಟ್ ಮಾಡಬೇಕು ಎಂದು ನೀಡ್‌ರೀಸ್ಟಾರ್ಟ್‌ಗೆ ಆಗ ಗೊತ್ತಾಗುತ್ತದೆ.